ಇಲ್ಲಿ ಇನ್ಸುಲಿನ್ ಸಕ್ಕರೆಗಲ್ಲ, ಕೊಬ್ಬಿಗೆ

ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ನೋವು, ನಿಲ್ಲದ ವಾಂತಿ. ಮೇದೋಜೀರಕ ಗ್ರಂಥಿ ಊದಿಕೊಂಡಿದೆ (ಪ್ಯಾಂಕ್ರಿಯಾಟೈಟಿಸ್) ಎಂದು ಖಚಿತವಾದರೆ ಪಿತ್ತಕೋಶದಲ್ಲಿ ಕಲ್ಲಿದೆಯೇ, ಕುಡಿತವಿದೆಯೇ ಎಂದು ಎಲ್ಲರೂ ವಿಚಾರಿಸುತ್ತಾರೆ. ನಾನು ಅದರ ಜೊತೆಗೆ ರಕ್ತದ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಮೇಲೆ ನಿಂತ ದ್ರವ (ಸೀರಂ) ತಿಳಿಹಳದಿಯಾಗಿರುವ ಬದಲು ಹಾಲಿನಂತೆ ಬೆಳ್ಳಗಿದ್ದರೆ, ವರದಿ ಬರುವ ಮೊದಲೇ ಕಾರಣದ ಸುಳಿವು ಸಿಕ್ಕಂತೆ. ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 1000 ದಾಟಿರುತ್ತದೆ, ಕೆಲವೊಮ್ಮೆ ಅದರ ಎಷ್ಟೋ ಪಟ್ಟು. ಮೊಣಕೈ ಹಿಂದೆ ಸಾಸಿವೆ ಗಾತ್ರದ ಹಳದಿ ಗುಳ್ಳೆಗಳೆದ್ದಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಇಂಥ ರಕ್ತದಲ್ಲಿ, ಗ್ರಂಥಿ ಊದಿದಾಗ ಏರಬೇಕಾದ ಅಮೈಲೇಸ್ ಎಂಬ ಕಿಣ್ವ ಸಹಜವಾಗಿದೆ ಎಂದು ಯಂತ್ರ ತೋರಿಸಬಹುದು. ಅದನ್ನು ನಂಬಿ ರೋಗಿಯನ್ನು ಮನೆಗೆ ಕಳುಹಿಸಬಾರದು. ಗ್ರಂಥಿಯ ಇನ್ನೊಂದು ಕಿಣ್ವವಾದ ಲೈಪೇಸ್ ನೋಡಬೇಕು, ಅನುಮಾನ ಉಳಿದರೆ ಸ್ಕ್ಯಾನ್ ಮಾಡಿಸಬೇಕು.

ಸಲೈನ್, ನೋವಿಗೆ ಔಷಧ, ಕೆಲವು ಗಂಟೆ ಉಪವಾಸ: ಇವು ಎಲ್ಲ ಪ್ಯಾಂಕ್ರಿಯಾಟೈಟಿಸ್ ರೋಗಿಗಳಿಗೂ ಒಂದೇ. ಕೊಬ್ಬೇರಿದ ಇವರಿಗೆ ಮಾತ್ರ ಇನ್ಸುಲಿನ್ ಸೇರಿಸುತ್ತೇನೆ. ರಕ್ತದಲ್ಲಿ ತುಂಬಿದ ಕೊಬ್ಬನ್ನು ಒಡೆಯುವ ಲಿಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವವನ್ನು ಇನ್ಸುಲಿನ್ ಚುರುಕುಗೊಳಿಸುತ್ತದೆ. ದೇಹದ ಕೊಬ್ಬಿನ ದಾಸ್ತಾನಿನಿಂದ ಹೊಸ ಕೊಬ್ಬು ರಕ್ತಕ್ಕೆ ಹರಿಯುವುದನ್ನೂ ತಡೆಯುತ್ತದೆ. ಐವತ್ತು ಮಿಲಿಲೀಟರ್ ಸಲೈನ್‌ನಲ್ಲಿ ಐವತ್ತು ಯೂನಿಟ್ ರೆಗ್ಯುಲರ್ ಇನ್ಸುಲಿನ್ ಬೆರೆಸಿ, ಪಂಪಿನ ಮೂಲಕ ಕಿಲೋ ತೂಕಕ್ಕೆ ಗಂಟೆಗೆ 0.1 ಯೂನಿಟ್‌ನಂತೆ ಕೊಡುತ್ತೇನೆ. ಅರವತ್ತು ಕಿಲೋ ತೂಕದವರಿಗೆ ಗಂಟೆಗೆ ಆರು ಯೂನಿಟ್.

ಎಡವಟ್ಟಾಗುವುದು ರಾತ್ರಿ ಪಾಳಿಯಲ್ಲಿ. ಸಕ್ಕರೆ 140ಕ್ಕೆ ಇಳಿಯಿತೆಂದು ಪಂಪ್ ನಿಲ್ಲಿಸುವುದು ಯಾರಿಗಾದರೂ ಸಹಜವಾಗಿ ತೋಚುವ ಕೆಲಸ, ಮಧುಮೇಹದ ವಾರ್ಡಿನಲ್ಲಿ ಕಲಿತ ಅಭ್ಯಾಸ. ಆದರೆ ನಮ್ಮ ಗುರಿ ಕೊಬ್ಬು. ಅದಕ್ಕೇ ಕೇಸ್ ಶೀಟಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ: ಸಕ್ಕರೆ 200ಕ್ಕಿಂತ ಕೆಳಗೆ ಬಂದರೆ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್ ಶುರು ಮಾಡಿ, ಸಾಲದಿದ್ದರೆ ಅದನ್ನು ಹೆಚ್ಚಿಸಿ, ಇನ್ಸುಲಿನ್ ಮುಂದುವರಿಯಲಿ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮಾತ್ರ ಪಂಪ್ ನಿಲ್ಲಿಸಿ, ಡೆಕ್ಸ್‌ಟ್ರೋಸ್ ಕೊಟ್ಟು, ನನ್ನನ್ನು ಕರೆಯಿರಿ. ಗಂಟೆಗೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಲೇಬೇಕು. ಅಷ್ಟು ನಿಗಾ ಇಡಲು ಸಿಬ್ಬಂದಿಯಿಲ್ಲದ ಕಡೆ ಈ ಚಿಕಿತ್ಸೆಗೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದೇ ಮೇಲು.

ಸಕ್ಕರೆಯಷ್ಟೇ ಭಯ ನನಗೆ ಪೊಟ್ಯಾಸಿಯಂನದು. ಇನ್ಸುಲಿನ್ ಅದನ್ನು ಜೀವಕೋಶಗಳೊಳಕ್ಕೆ ತಳ್ಳುತ್ತದೆ, ರಕ್ತದಲ್ಲಿ ಮಟ್ಟ ಕುಸಿದರೆ ಹೃದಯದ ಲಯ ತಪ್ಪುತ್ತದೆ. ವಾಂತಿಯಿಂದ ಮೊದಲೇ ಕಳೆದುಕೊಂಡು ಬಂದವರಿವರು. ಹಾಗಾಗಿ 3.5ಕ್ಕಿಂತ ಕಡಿಮೆಯಿದ್ದರೆ ಅದನ್ನು ತುಂಬಿಸಿದ ಮೇಲೆಯೇ ಇನ್ಸುಲಿನ್.

‘ಸಕ್ಕರೆ ಕಾಯಿಲೆಯೇ ಇಲ್ಲವಲ್ಲ ಡಾಕ್ಟ್ರೇ, ಇನ್ನು ಜೀವನಪೂರ್ತಿ ಸೂಜಿಯೇ?’ ಎಂದು ಮನೆಯವರು ಗಾಬರಿಯಾಗುತ್ತಾರೆ. ಟ್ರೈಗ್ಲಿಸರೈಡ್ 500ಕ್ಕಿಂತ ಕೆಳಗಿಳಿದರೆ ಪಂಪ್ ತೆಗೆಯುತ್ತೇವೆ ಎಂದು ಕುಳಿತು ವಿವರಿಸುತ್ತೇನೆ. ಸಾಮಾನ್ಯವಾಗಿ ಎರಡು ಮೂರು ದಿನಗಳ ಮಾತು. ಹಿಂದೆ ಇದರ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೂಡ ಕೊಡುತ್ತಿದ್ದರು. ಅದು ಕೊಬ್ಬೊಡೆಯುವ ಆ ಕಿಣ್ವವನ್ನು ರಕ್ತನಾಳದ ಗೋಡೆಯಿಂದ ಒಮ್ಮೆಲೇ ಬಿಡಿಸಿ, ಆಮೇಲೆ ಕಿಣ್ವದ ದಾಸ್ತಾನನ್ನೇ ಬರಿದು ಮಾಡುತ್ತದೆ. ಕೊಬ್ಬಿಳಿಸಲೆಂದು ನಾನು ಅದನ್ನು ಬಳಸುವುದಿಲ್ಲ. ಯಂತ್ರದ ಮೂಲಕ ರಕ್ತದ ದ್ರವಭಾಗವನ್ನೇ ತೆಗೆದು ಬೇರೆ ತುಂಬುವ ಪ್ಲಾಸ್ಮಾ ಬದಲಾವಣೆ ಬೇಗ ಕೊಬ್ಬಿಳಿಸುತ್ತದೆ, ಆದರೆ ದುಬಾರಿ, ಎಲ್ಲ ಊರುಗಳಲ್ಲಿ ಸಿಗುವುದೂ ಇಲ್ಲ.

ಉಪವಾಸ ಮತ್ತು ದ್ರವದಿಂದಲೇ ಟ್ರೈಗ್ಲಿಸರೈಡ್ ಸಾಕಷ್ಟು ಇಳಿಯುತ್ತದೆ ಎಂಬುದೂ ನಿಜ. ಸಕ್ಕರೆ ಸಹಜವಿದ್ದು ರೋಗ ಸೌಮ್ಯವಾಗಿದ್ದರೆ ಒಂದು ದಿನ ಕಾದು ನೋಡುತ್ತೇನೆ. ಸಕ್ಕರೆ 300–400 ಇದ್ದವರಲ್ಲಿ ಕಾಯುವ ಪ್ರಶ್ನೆಯೇ ಇಲ್ಲ.

ಬಿಡುಗಡೆಯ ದಿನ ಟ್ರೈಗ್ಲಿಸರೈಡ್ ಇಳಿಸುವ ಫೈಬ್ರೇಟ್ ಮಾತ್ರೆ ಬರೆಯುತ್ತೇನೆ, ಮದ್ಯ ಮತ್ತು ಕರಿದ ತಿಂಡಿ ಬಿಡಲು ಹೇಳುತ್ತೇನೆ, ಕೆಲವು ವಾರಗಳಲ್ಲಿ ಮತ್ತೆ ರಕ್ತ ಪರೀಕ್ಷೆಗೆ ಬರಲು ದಿನ ಗೊತ್ತುಮಾಡುತ್ತೇನೆ. ಇದು ವಂಶದಲ್ಲಿ ಹರಿಯಬಹುದಾದ ತೊಂದರೆಯಾದ್ದರಿಂದ ಅಂದು ಕರೆದೊಯ್ಯಲು ಬಂದ ಅಣ್ಣತಮ್ಮಂದಿರಿಗೂ ಖಾಲಿ ಹೊಟ್ಟೆಯಲ್ಲಿ ರಕ್ತದ ಕೊಬ್ಬಿನ (ಲಿಪಿಡ್) ಪರೀಕ್ಷೆ ಮಾಡಿಸಿಕೊಳ್ಳಲು ಚೀಟಿ ಕೊಡುತ್ತೇನೆ.