ವಿಭೂತಿ ಹಾಕಿ ಉಜ್ಜಿದ ಮಾರ್ಗನ್ ಡಾಲರ್

ನನ್ನ ಮೊದಲ ಮಾರ್ಗನ್ ಡಾಲರನ್ನು, ಅಂದರೆ ಅಮೆರಿಕದ ಹಳೇ ಬೆಳ್ಳಿ ನಾಣ್ಯವನ್ನು, ನಾನೇ ಕೈಯಾರೆ ಹಾಳು ಮಾಡಿಕೊಂಡೆ. ಕೆಲಸಕ್ಕೆ ಅಂತ ನೆವಾಡಾಗೆ ಬಂದ ಹೊಸತು. ಕಾರ್ಸನ್ ಸಿಟಿಯ ಹಳೇ ಟಂಕಸಾಲೆ ಈಗ ಮ್ಯೂಸಿಯಂ. ಅದನ್ನು ನೋಡಿ ಬಂದ ಹುಚ್ಚಿಗೆ, ಅಲ್ಲೇ ಅಚ್ಚಾದ 1890ರ ಒಂದು ಡಾಲರ್ ಕೊಂಡೆ. ಹಿಂಬದಿಯಲ್ಲಿ ಎಲೆಹಾರದ ಕೆಳಗೆ ಪುಟ್ಟದಾಗಿ 'ಸಿಸಿ' ಅಂತಿತ್ತು, ಕಾರ್ಸನ್ ಸಿಟಿಯ ಗುರುತು. ನಾಣ್ಯ ಮಾತ್ರ ಕಪ್ಪಗಿತ್ತು. ಮನೆಯಲ್ಲಿ ಬೆಳ್ಳಿ ದೀಪಕ್ಕೆ ಅಮ್ಮ ಮಾಡುತ್ತಿದ್ದ ಹಾಗೆ ವಿಭೂತಿ ಹಾಕಿ ಬಟ್ಟೆಯಲ್ಲಿ ತಿಕ್ಕಿದೆ. ಫಳಫಳ!

ಖುಷಿಯಲ್ಲಿ ಕೊಂಡ ಅಂಗಡಿಗೇ ಹೋಗಿ ತೋರಿಸಿದೆ. ಅಲ್ಲಿದ್ದ ಅಜ್ಜ ಏನೂ ಹೇಳದೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಲಿಬರ್ಟಿ ದೇವಿಯ ಕೆನ್ನೆ ತುಂಬಾ ಕೂದಲೆಳೆಯಂಥ ಗೀರುಗಳು, ಎಲ್ಲಾ ಒಂದೇ ಕಡೆಗೆ, ನಾನು ತಿಕ್ಕಿದ ಕಡೆಗೆ. ಕೊಟ್ಟ ದುಡ್ಡಿನ ಅರ್ಧವೂ ಇನ್ನು ಹುಟ್ಟಲ್ಲ ಅಂದರು. ಕಪ್ಪಾಗಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ ನೋಡಿ.

ಅವತ್ತೇ ನನ್ನ ಇನ್ನೊಂದು ಲೆಕ್ಕವೂ ತಲೆಕೆಳಗಾಯಿತು. ಕಡಿಮೆ ಅಚ್ಚಾದದ್ದು ಜಾಸ್ತಿ ಬೆಲೆ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಕಾರ್ಸನ್ ಸಿಟಿಯಲ್ಲಿ 1881ರಲ್ಲಿ ಅಚ್ಚಾದದ್ದು 2,96,000, 1889ರಲ್ಲಿ 3,50,000. ಆದರೆ ಹೊಸದರಂತೆ ಉಳಿದ ನಾಣ್ಯ ಬೇಕು ಅಂದರೆ 1889ರದ್ದಕ್ಕೆ ಎಷ್ಟೋ ಪಟ್ಟು ಜಾಸ್ತಿ ಕೊಡಬೇಕು. ಯಾಕೆ ಅಂದರೆ 1918ರ ಪಿಟ್‌ಮನ್ ಕಾಯ್ದೆಯಲ್ಲಿ ಸರ್ಕಾರ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿಬಿಟ್ಟಿತು, ಯಾವ ವರ್ಷದ್ದು ಎಷ್ಟು ಹೋಯಿತು ಅಂತ ಯಾರೂ ಬರೆದಿಡಲಿಲ್ಲ. ಖಜಾನೆಯ ಚೀಲಗಳಲ್ಲಿ ಉಳಿದಿದ್ದ ಕಾರ್ಸನ್ ಸಿಟಿ ಡಾಲರುಗಳನ್ನು 1970ರ ದಶಕದಲ್ಲಿ ಮಾರಾಟಕ್ಕೆ ಅಂತ ಎಣಿಸಿದಾಗ 1881ರದ್ದು ಸುಮಾರು 1,47,000 ಇದ್ದವು. 1889ರದ್ದು? ಒಂದೇ ಒಂದು.

ಆ 1889 ಇನ್ನೂ ನನ್ನ ಹತ್ತಿರ ಇಲ್ಲ. ಒಮ್ಮೆ ನಾಣ್ಯ ಮೇಳದಲ್ಲಿ ಕೈಗೆ ಬಂದಿತ್ತು, ಬೆಲೆ ಅನುಮಾನ ಬರುವಷ್ಟು ಅಗ್ಗ. ಜೇಬಿನ ತಕ್ಕಡಿಯಲ್ಲಿ ಇಟ್ಟರೆ 26.7 ಗ್ರಾಂ, ಸರಿಯಾಗೇ ಇದೆ. ಆದರೆ ತೂಕ ನೋಡಿ ನಂಬುವ ಹಾಗಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಅಚ್ಚಾದ ನಾಣ್ಯವೂ ಅಷ್ಟೇ ತೂಕ, ಅಷ್ಟೇ ಬೆಳ್ಳಿ, ಗುರುತಿನ ಅಕ್ಷರ ಮಾತ್ರ ಇರಲ್ಲ. ಅದು ಎರಡು ಕೋಟಿಗೂ ಮೀರಿ ಅಚ್ಚಾದದ್ದು, ಬೇಕಾದಷ್ಟು ಸಿಗುತ್ತದೆ, ಅದಕ್ಕೇ ಎರಡು ಅಕ್ಷರ ಅಂಟಿಸಿ ಮಾರುವವರಿದ್ದಾರೆ. ನಾಣ್ಯವನ್ನು ಓರೆ ಮಾಡಿ ಭೂತಗನ್ನಡಿಯಲ್ಲಿ 'ಸಿಸಿ'ಯ ಬುಡ ನೋಡಿದೆ. ಅಕ್ಷರ ಬೆಳ್ಳಿಯೊಳಗಿಂದಲೇ ಎದ್ದು ಬಂದಂತೆ ಇರಬೇಕು. ಇಲ್ಲಿ ಎರಡನೇ ಅಕ್ಷರದ ಸುತ್ತ ಸಣ್ಣ ಸಂದು, ಸುತ್ತಲಿನ ಬಣ್ಣವೂ ಬೇರೆ. ಸುಮ್ನೆ ವಾಪಸ್ ಇಟ್ಟು ಬಂದೆ.

1881ರದ್ದು ಒಂದು ಕೊಂಡಿದ್ದೇನೆ. ಅಂಚು ಹಿಡಿದೇ ಎತ್ತುತ್ತೇನೆ, ಮಕ್ಕಳ ಕೈಗೆ ಕೊಡಲ್ಲ. ವಿಭೂತಿ ಕಂಡ 1890ರದ್ದನ್ನು ಮಾತ್ರ ದೀಪಾವಳಿಯ ಲಕ್ಷ್ಮೀಪೂಜೆಗೆ ತಟ್ಟೆಯಲ್ಲಿ ಇಡುತ್ತೇವೆ. ಅರಿಶಿನ ಕುಂಕುಮ ಬಿದ್ದರೂ ಅದರಲ್ಲಿ ಇನ್ನು ಹಾಳಾಗೋದಕ್ಕೇನೂ ಉಳಿದಿಲ್ಲ.