ರುಮಟಾಲಜಿ ಸಮ್ಮೇಳನದ ಬಹುಮಾನಕ್ಕೆ ಅಬ್‌ಸ್ಟ್ರಾಕ್ಟ್ ಬರೆಯುವುದು ಹೇಗೆ?

ರುಮಟಾಲಜಿಯಲ್ಲಿ (ಕೀಲುರೋಗಗಳ ವೈದ್ಯ ವಿಭಾಗ) ಎರಡು ವರ್ಷ ಒದ್ದಾಡಿ ಮಾಡಿದ ಕೆಲಸದ ಅಬ್‌ಸ್ಟ್ರಾಕ್ಟನ್ನು, ಅಂದರೆ ಸಮ್ಮೇಳನಕ್ಕೆ ಕಳಿಸುವ ಸಾರಾಂಶವನ್ನು, ಕೊನೆಯ ರಾತ್ರಿ ಎರಡು ಗಂಟೆಯಲ್ಲಿ ಗೀಚಿ ಕಳಿಸುವ ಟ್ರೈನಿಗಳನ್ನು ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಈ ಲೇಖನ.

1. ಮೊದಲು ದಿನಾಂಕ ನೋಡಿ. ಯೂರೋಪಿನ ಯೂಲಾರ್ ಸಮ್ಮೇಳನ ಸಾಮಾನ್ಯವಾಗಿ ಜೂನ್‌ನಲ್ಲಿ, ಅಮೆರಿಕದ ಎಸಿಆರ್ ಸಮ್ಮೇಳನ ಅಕ್ಟೋಬರ್–ನವೆಂಬರ್‌ನಲ್ಲಿ. ಅಬ್‌ಸ್ಟ್ರಾಕ್ಟ್ ತೆಗೆದುಕೊಳ್ಳುವುದು ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ.

2. ಬಹುಮಾನದ ನಿಯಮ ಓದಿ. ನಿಮ್ಮ ಗೈಡ್ ಕೊಡುವ ಪತ್ರ ಬೇಕಿದ್ದರೆ ಇವತ್ತೇ ಕೇಳಿ.

3. ಈಗ ಫಲಿತಾಂಶದ ಭಾಗ. ಎಡವುವುದು ಇಲ್ಲೇ. 'ಹೆಚ್ಚಿನವರಲ್ಲಿ ಸುಧಾರಣೆ ಕಂಡಿತು' ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. 'ಫಲಿತಾಂಶವನ್ನು ಸಮ್ಮೇಳನದಲ್ಲಿ ತಿಳಿಸಲಾಗುವುದು' ಅನ್ನುವುದಂತೂ ಇನ್ನೂ ಕೆಟ್ಟದ್ದು.

ಒಂದು ಉದಾಹರಣೆ. ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ದೀರ್ಘಕಾಲದ ರೋಗ) ಇರುವ 60 ಜನರನ್ನು ಸೇರಿಸಿಕೊಂಡಿರಿ ಅನ್ನೋಣ. 12 ಜನ ಮತ್ತೆ ಬರಲೇ ಇಲ್ಲ. 24 ಜನರ ಡಿಎಎಸ್28 ಅಂಕ (28 ಕೀಲುಗಳನ್ನು ನೋಡಿ, ರಕ್ತಪರೀಕ್ಷೆಯನ್ನೂ ಸೇರಿಸಿ ರೋಗದ ತೀವ್ರತೆ ಅಳೆಯುವ ಅಂಕ) 2.6ಕ್ಕಿಂತ ಕೆಳಗೆ ಇಳಿಯಿತು, ಅಂದರೆ ರೋಗ ಬಹುಮಟ್ಟಿಗೆ ಹತೋಟಿಗೆ ಬಂತು. ಕೊನೆಯವರೆಗೂ ಬಂದ 48 ಜನರನ್ನು ಮಾತ್ರ ಎಣಿಸಿದರೆ ಶೇ 50. ಎಲ್ಲ 60 ಜನರನ್ನೂ ಎಣಿಸಿದರೆ ಶೇ 40. ಆಸೆಗೆ ಬಿದ್ದು 50 ಬರೆಯಬೇಡಿ. ಬಿಟ್ಟು ಹೋದವರಿಗೆ ಔಷಧ ಹಿಡಿಸದೆಯೂ ಇರಬಹುದು, ಅಲ್ವಾ? 40 ಅಂತಲೇ ಬರೆಯಿರಿ, 12 ಜನ ಬರಲಿಲ್ಲ ಅನ್ನುವುದನ್ನೂ ಹೇಳಿ. ಶೇಕಡಾವಾರಿನ ಪಕ್ಕ ತಲೆಯೆಣಿಕೆ ಯಾವಾಗಲೂ ಇರಲಿ.

ಅಂಕವನ್ನು ಇಎಸ್‌ಆರ್‌ನಿಂದ ಲೆಕ್ಕ ಹಾಕಿದಿರೋ, ಸಿಆರ್‌ಪಿಯಿಂದಲೋ (ಎರಡೂ ಉರಿಯೂತ ತೋರಿಸುವ ರಕ್ತಪರೀಕ್ಷೆಗಳು) ಅದೂ ಬೇಕು. ಎರಡೂ ಒಂದೇ ಅಲ್ಲ; ಸಿಆರ್‌ಪಿಯ ಅಂಕ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಬರುತ್ತದೆ. ರೋಗಿ ಟೊಸಿಲಿಜುಮ್ಯಾಬ್ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಜಾಗ್ರತೆ. ಆ ಔಷಧ ಇಎಸ್‌ಆರ್, ಸಿಆರ್‌ಪಿ ಎರಡನ್ನೂ ನೇರವಾಗಿ ಇಳಿಸುತ್ತದೆ. ಕೀಲು ಊದಿಕೊಂಡೇ ಇದ್ದರೂ ಅಂಕ ಮಾತ್ರ ಚೆನ್ನಾಗಿ ಕಾಣಬಹುದು. ಹಾಗಾಗಿ ಊದಿದ ಕೀಲುಗಳ ಸಂಖ್ಯೆಯನ್ನು ಬೇರೆಯಾಗಿಯೇ ಕೊಡಿ.

ಚಾಟ್‌ಬಾಟ್‌ಗೆ ಬರೆಸಿದರೆ ಬೇಗ ಆಗುತ್ತದೆ, ನಿಜ. ಆದರೆ ನೀವು ಕೊಡದ ಸಂಖ್ಯೆಯನ್ನೂ ಅದು ಸುಮ್ನೆ ಸೇರಿಸಿಬಿಡುತ್ತದೆ. ಭಾಷೆ ತಿದ್ದಿಸಿ ಸಾಕು, ಫಲಿತಾಂಶ ಮುಟ್ಟಿಸಬೇಡಿ.

4. ಶೀರ್ಷಿಕೆ ಕೊನೆಗೆ ಬರೆಯಿರಿ. ತೀರ್ಮಾನ ಒಂದೇ ವಾಕ್ಯ.

5. ಪೋಸ್ಟರ್. ಪುಕ್ಕಟೆ ಸಿಗುವ ಕಡುನೀಲಿ ಟೆಂಪ್ಲೇಟುಗಳ ಸಹವಾಸ ಬೇಡ, ಅದರ ಮೇಲಿನ ಅಕ್ಷರ ಎರಡು ಹೆಜ್ಜೆ ದೂರದಿಂದ ಓದಲಾಗುವುದಿಲ್ಲ. ಬಿಳಿ ಹಿನ್ನೆಲೆ, ಒಂದು ದೊಡ್ಡ ಗ್ರಾಫ್. ಅಬ್‌ಸ್ಟ್ರಾಕ್ಟನ್ನು ಹಾಗೇ ಅಂಟಿಸಿ ಕೈತೊಳೆದುಕೊಳ್ಳಬೇಡಿ.

6. ತೀರ್ಪುಗಾರರು ಬರುವ ಹೊತ್ತಿಗೆ ಪೋಸ್ಟರ್ ಪಕ್ಕದಲ್ಲೇ ಇರಿ, ಕಾಫಿ ಆಮೇಲೆ. ಎರಡು ನಿಮಿಷದ ಮಾತು ಬಾಯಲ್ಲಿರಲಿ. ಡಿಎಎಸ್28 ಬಳಸಿದವರಿಗೆ ಒಂದು ಪ್ರಶ್ನೆ ಬರುವ ಸಾಧ್ಯತೆ ಜಾಸ್ತಿ: 'ಆ 28 ಕೀಲುಗಳಲ್ಲಿ ಪಾದದ್ದು ಒಂದೂ ಇಲ್ಲ. ನಿಮ್ಮ ರೋಗಿಗಳ ಪಾದ ನೋಡಿದ್ದೀರಾ?' ನೋಡಿಲ್ಲವಾದರೆ ನೋಡಿಲ್ಲ ಅಂತಲೇ ಹೇಳಿ.