ಕಾಟಾ ಮೇಲೆ ನಿದ್ದೆ ಹೋದ ಥ್ರೆಡ್

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್‌ಗೆ ನಾನು ಕಾಟಾ ಸಾಫ್ಟ್‌ವೇರ್ ಬರೆದುಕೊಟ್ಟೆ. ಕಾಟಾ ಅಂದರೆ ವೇಬ್ರಿಡ್ಜ್. ಭತ್ತ ತುಂಬಿದ ಟ್ರ್ಯಾಕ್ಟರ್ ಬಂದು ಅದರ ಮೇಲೆ ನಿಲ್ಲುತ್ತದೆ. ತೂಕ ಕಂಪ್ಯೂಟರ್‌ಗೆ ಬರುತ್ತದೆ. ಚೀಟಿ ಪ್ರಿಂಟ್ ಆಗುತ್ತದೆ. ಭತ್ತ ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಮತ್ತೆ ತೂಗುತ್ತಾರೆ. ಎರಡು ತೂಕದ ವ್ಯತ್ಯಾಸದ ಮೇಲೆ ರೈತನಿಗೆ ದುಡ್ಡು.

ಬರೆದದ್ದು ಜಾವಾ ಭಾಷೆಯಲ್ಲಿ. ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಬೇರೆಯವುಗಳ ಜೊತೆಜೊತೆಗೇ ಓಡುವ ಕೆಲಸದ ಎಳೆ. ಒಂದು ಥ್ರೆಡ್ ಸೀರಿಯಲ್ ಪೋರ್ಟ್‌ನಿಂದ ತೂಕ ಓದುತ್ತದೆ. ಇನ್ನೊಂದು ಅದನ್ನು ಡೇಟಾಬೇಸ್‌ಗೆ ಬರೆಯುತ್ತದೆ. ಮತ್ತೊಂದು ಚೀಟಿ ತೆಗೆಯುತ್ತದೆ. ಪರದೆ ನೋಡಿಕೊಳ್ಳುವ ಥ್ರೆಡ್ ಬೇರೆ ಇದ್ದೇ ಇರುತ್ತದೆ. ಜಾವಾದಲ್ಲಿ ಕಾಯುವುದಕ್ಕೆ ವೇಟ್ ಅನ್ನುವ ಮೆಥಡ್ ಇದೆ. ಭಾರಕ್ಕೂ ನಾವು ವೇಟ್ ಅಂತಲೇ ಹೇಳುತ್ತೇವಲ್ಲ, ಗೊಂದಲ ಬೇಡ. ಭಾರಕ್ಕೆ ತೂಕ ಅಂತ ಬರೆಯುತ್ತೇನೆ. ವೇಟ್ ಅಂದರೆ ಇಲ್ಲಿ ಕಾಯುವ ಮೆಥಡ್ ಮಾತ್ರ.

ಮೊದಲ ಸುಗ್ಗಿ. ನವೆಂಬರ್ ಕೊನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಊರೂರಲ್ಲಿ ಕೊಯ್ಲು ನಡೆದಿತ್ತು. ರಾತ್ರಿ ಹತ್ತು ಗಂಟೆಗೆ ಕಾಟಾ ರೂಮಿನ ಹುಡುಗ ಫೋನ್ ಮಾಡಿದ. "ಅಣ್ಣಾ, ತೂಕ ಅಲ್ಲೇ ನಿಂತೈತಿ. ಗಾಡಿ ಇಳಿದು ಹೋದ್ರೂ ಹಳೇ ತೂಕಾನೇ ತೋರಸಾಕತ್ತೈತಿ. ಹೊರಗ ಹದಿನೈದು ಟ್ರ್ಯಾಕ್ಟರ್ ನಿಂತಾವ."

ಬೈಕ್ ಹತ್ತಿ ಹೋದೆ. ಮಿಲ್ ಗೇಟಿನಿಂದ ರಸ್ತೆವರೆಗೂ ಗಾಡಿ ಸಾಲು. ಚಳಿಗೆ ರೈತರು ಟವೆಲ್ ಹೊದ್ದು ಟ್ರೇಲರ್ ಪಕ್ಕ ಕೂತಿದ್ದರು. ಹಮಾಲರು ಸುಮ್ನೆ ಕೂತಿದ್ದರು. ಚೀಲ ಇಳಿಸಿದರೆ ಅವರಿಗೆ ಕೂಲಿ, ಇಲ್ಲದಿದ್ದರೆ ಇಲ್ಲ. ಅದನ್ನು ನೋಡಿ ನನಗೆ ತುಂಬ ಸಂಕಟವಾಯಿತು.

ಪ್ರೋಗ್ರಾಂ ಬಂದ್ ಮಾಡಿ ಮತ್ತೆ ಶುರು ಮಾಡಿದ್ದರೆ ಆ ಹೊತ್ತಿಗೆ ಸರಿಹೋಗುತ್ತಿತ್ತು. ಆದರೆ ಕಾರಣ ಸಿಗುತ್ತಿರಲಿಲ್ಲ. ಅದಕ್ಕೇ ಮೊದಲು ಜೆಸ್ಟ್ಯಾಕ್ ಓಡಿಸಿದೆ. ಜಾವಾದ ಕಿಟ್ ಆದ ಜೆಡಿಕೆ ಜೊತೆಗೇ ಬರುವ ಸಣ್ಣ ಉಪಕರಣ ಅದು. ಯಾವ ಥ್ರೆಡ್ ಕೋಡ್‌ನ ಯಾವ ಸಾಲಿನಲ್ಲಿ ನಿಂತಿದೆ, ಯಾವ ಲಾಕ್ ಹಿಡಿದಿದೆ, ಯಾವುದಕ್ಕೆ ಕಾಯುತ್ತಿದೆ, ಎಲ್ಲ ಬರೆದುಕೊಡುತ್ತದೆ. ಲಾಕ್ ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ. ಪ್ರಿಂಟ್ ಥ್ರೆಡ್ ಎದುರು 'ಟೈಮ್ಡ್ ವೇಟಿಂಗ್' ಅಂತಿತ್ತು, ಅಂದರೆ ಗಡುವು ಇಟ್ಟು ಕಾಯುತ್ತಿದೆ. ಉಳಿದ ಮೂರರ ಎದುರೂ 'ಬ್ಲಾಕ್ಡ್', ಅಂದರೆ ಲಾಕ್ ಸಿಗದೆ ನಿಂತಿವೆ. ಮೂರೂ ಕಾಯುತ್ತಿದ್ದ ಲಾಕ್‌ನ ನಂಬರ್ ಒಂದೇ. ಅದನ್ನು ಹಿಡಿದಿದ್ದದ್ದು ಪ್ರಿಂಟ್ ಥ್ರೆಡ್.

ಪ್ರಿಂಟರ್‌ನಲ್ಲಿ ಪೇಪರ್ ಮುಗಿದಿತ್ತು, ಅಷ್ಟೇ. ಪೇಪರ್ ಇಲ್ಲದಿದ್ದರೆ 5 ಸೆಕೆಂಡ್ ಸ್ಲೀಪ್ ಮಾಡಿ ಮತ್ತೆ ನೋಡು ಅಂತ ಬರೆದಿದ್ದೆ. ಆ ಸ್ಲೀಪ್ ಇದ್ದದ್ದು ಸಿಂಕ್ರೊನೈಜ್ಡ್ ಬ್ಲಾಕ್ ಒಳಗೆ, ಅಂದರೆ ಲಾಕ್ ಹಿಡಿದುಕೊಂಡೇ ನಡೆಯುವ ಕೋಡ್ ಒಳಗೆ. ಥ್ರೆಡ್ ಮಲಗುತ್ತದೆ, ಏಳುತ್ತದೆ, ಪೇಪರ್ ಇಲ್ಲ, ಮತ್ತೆ ಮಲಗುತ್ತದೆ. ಲಾಕ್ ಮಾತ್ರ ಬಿಡುವುದೇ ಇಲ್ಲ. ಹೊಸ ತೂಕ ಸೇರಿಸಲು ಓದುವ ಥ್ರೆಡ್‌ಗೂ ಅದೇ ಲಾಕ್ ಬೇಕು. ಪರದೆಗೂ ಅದೇ.

ಡ್ರೈವರ್ ಕಾಟಾ ಮೇಲೆ ಲಾರಿ ನಿಲ್ಲಿಸಿ ಸೀಟಿನಲ್ಲೇ ನಿದ್ದೆ ಹೋದರೆ ಏನಾಗುತ್ತದೆ? ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಸ್ಲೀಪ್ ಅಂದರೆ ಅದು. ಗಾಡಿ ಕೆಳಗೆ ಇಳಿಸಿ, ಪಕ್ಕಕ್ಕೆ ಹಾಕಿ, "ನನ್ನ ಪಾಳಿ ಬಂದಾಗ ಕರೀರಿ" ಅಂತ ಹೇಳಿ ಕೂರುವುದು ವೇಟ್. ವೇಟ್ ಕರೆದ ತಕ್ಷಣ ಥ್ರೆಡ್ ಲಾಕ್ ಬಿಟ್ಟುಕೊಡುತ್ತದೆ. ಯಾರಾದರೂ ನೋಟಿಫೈ ಮಾಡಿದಾಗ ಏಳುತ್ತದೆ, ಲಾಕ್ ಮತ್ತೆ ಸಿಕ್ಕ ಮೇಲೆ ಮುಂದೆ ಹೋಗುತ್ತದೆ. ಲಾಕ್ ಕೈಯಲ್ಲಿ ಇಲ್ಲದೆ ವೇಟ್ ಕರೆದರೆ ಜಾವಾ ಎಕ್ಸೆಪ್ಶನ್, ಅಂದರೆ ದೋಷದ ಸೂಚನೆ, ಎಸೆಯುತ್ತದೆ.

ಆ ರಾತ್ರಿ ಸ್ಲೀಪ್ ಅನ್ನು ಬ್ಲಾಕ್‌ನ ಹೊರಗೆ ತಂದೆ. ಸಾಲು ಮುಂದೆ ಸರಿಯಿತು. ಮನೆಗೆ ಹೋಗಿ ಇಡೀ ಕಾಯುವ ಭಾಗವನ್ನು ವೇಟ್ ಮತ್ತು ಕಾಯುವವರನ್ನೆಲ್ಲ ಎಬ್ಬಿಸುವ ನೋಟಿಫೈಆಲ್ ಬಳಸಿ ಹೊಸದಾಗಿ ಬರೆದೆ.

ಅದರಲ್ಲೂ ಒಂದು ತಪ್ಪು ಉಳಿದಿತ್ತು. ಸುಗ್ಗಿಗೆ ಒಂದು ಪ್ರಿಂಟರ್ ಸಾಲದು ಅಂತ ಮಿಲ್‌ನವರು ಎರಡನೆಯದು ಇಟ್ಟರು. ಯಾವುದು ಬಿಡುವಾಗಿದೆಯೋ ಅದು ಮುಂದಿನ ಚೀಟಿ ತೆಗೆಯಬೇಕು. ಪ್ರಿಂಟರ್‌ಗೆ ಒಂದರಂತೆ ಎರಡು ಥ್ರೆಡ್ ಆಯಿತು. ಎರಡು ದಿನದ ಮೇಲೆ ಹುಡುಗ ಒಂದು ಚೀಟಿ ತಂದು ಕೊಟ್ಟ. ಗಾಡಿ ನಂಬರ್ ಇಲ್ಲ. ತೂಕ 0.

"ಚೀಟಿ ಇಲ್ಲದಿದ್ದರೆ ವೇಟ್ ಮಾಡು" ಅಂತ ನಾನು ಇಫ್ ಹಾಕಿ ಬರೆದಿದ್ದೆ. ಇಫ್ ಷರತ್ತನ್ನು ಒಮ್ಮೆ ಮಾತ್ರ ನೋಡುತ್ತದೆ. ಒಂದು ಚೀಟಿ ಬಂತು, ನೋಟಿಫೈಆಲ್ ಆಯಿತು, ಎರಡೂ ಥ್ರೆಡ್ ಎದ್ದವು. ಮೊದಲನೆಯದು ಲಾಕ್ ಹಿಡಿದು ಚೀಟಿ ಒಯ್ದಿತು. ಎರಡನೆಯದಕ್ಕೆ ಆಮೇಲೆ ಲಾಕ್ ಸಿಕ್ಕಿತು. ಇಫ್ ದಾಟಿ ಬಂದಾಗಿತ್ತು, ಮತ್ತೆ ನೋಡಲಿಲ್ಲ. ಚೀಟಿಗಳ ಖಾಲಿ ಸಾಲಿನಿಂದ ತೆಗೆದದ್ದನ್ನೇ ಅಚ್ಚು ಹಾಕಿತು. "ಮುಂದಿನ ಗಾಡಿ ಬರ್ಲಿ" ಅಂತ ಕೂಗಿದಾಗ ಇಬ್ಬರು ಡ್ರೈವರ್ ಒಟ್ಟಿಗೆ ಏಳಬಹುದು, ಅಲ್ವಾ? ಹತ್ತುವ ಮುಂಚೆ ಕಾಟಾ ಖಾಲಿ ಇದೆಯಾ ಅಂತ ಪ್ರತಿಯೊಬ್ಬರೂ ಕಣ್ಣಾರೆ ನೋಡಬೇಕು. ಇಫ್ ಇದ್ದಲ್ಲಿ ವೈಲ್ ಹಾಕಿದೆ. ಎದ್ದ ಮೇಲೂ ಷರತ್ತು ಮತ್ತೆ ಪರೀಕ್ಷೆ ಆಗುತ್ತದೆ. ಯಾರೂ ಕರೆಯದಿದ್ದರೂ ಥ್ರೆಡ್ ಸುಮ್ನೆ ಎಚ್ಚರಾಗಬಹುದು ಅಂತ ಜಾವಾ ದಾಖಲೆಗಳೇ ಹೇಳುತ್ತವೆ. ಅದಕ್ಕೂ ವೈಲ್ ಒಂದೇ ಉತ್ತರ.

ಇದಕ್ಕೆ ಒಂದು ಹಳೆಯ ಹಿನ್ನೆಲೆ ಇದೆ. 1974ರಲ್ಲಿ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ವಿವರಿಸಿದ ಮಾನಿಟರ್‌ನಲ್ಲಿ (ಪರದೆ ಅಲ್ಲ, ಲಾಕ್ ಮತ್ತು ಕಾಯುವುದು ಸೇರಿದ ವ್ಯವಸ್ಥೆ), ಸಂಕೇತ ಕೊಟ್ಟ ಕೂಡಲೇ ಕಾಯುತ್ತಿದ್ದವನ ಕೈಗೆ ನೇರವಾಗಿ ಅಧಿಕಾರ ಹೋಗುತ್ತದೆ. ನಡುವೆ ಯಾರೂ ನುಗ್ಗುವುದಿಲ್ಲ. ಅಲ್ಲಿ ಇಫ್ ಸಾಕು. ಜೆರಾಕ್ಸ್ ಕಂಪನಿಯಲ್ಲಿ ಮೆಸಾ ಅನ್ನುವ ಭಾಷೆ ಮಾಡಿದವರು ಬೇರೆ ದಾರಿ ಹಿಡಿದರು. 1980ರಲ್ಲಿ ಲ್ಯಾಂಪ್ಸನ್ ಮತ್ತು ರೆಡೆಲ್ ಅದರ ಅನುಭವ ಬರೆದರು. ಅವರ ಲೆಕ್ಕದಲ್ಲಿ ನೋಟಿಫೈ ಒಂದು ಸುಳಿವು ಮಾತ್ರ. ಎದ್ದವನು ತಾನೇ ನೋಡಿಕೊಳ್ಳಬೇಕು. ಜಾವಾ ನಡೆಯುವುದು ಮೆಸಾ ದಾರಿಯಲ್ಲಿ. ಇದು ಮೊದಲೇ ಗೊತ್ತಿದ್ದರೆ ಆ ಸೊನ್ನೆ ತೂಕದ ಚೀಟಿ ಬರುತ್ತಲೇ ಇರಲಿಲ್ಲ.

ಆಮೇಲೆ ಮಿಲ್‌ನವರು ಇನ್ನೊಂದು ಕೇಳಿದರು. ಪೇಪರ್ ಬದಲಿಸುವಾಗ ಆ ಪ್ರಿಂಟರ್ ಒಂದನ್ನೇ ತಡೆದು ನಿಲ್ಲಿಸಲು ಬಟನ್ ಬೇಕು. ಹುಡುಕಿದಾಗ ಥ್ರೆಡ್ ತಡೆಯುವ ಸಸ್ಪೆಂಡ್, ಮತ್ತೆ ಓಡಿಸುವ ರೆಸ್ಯೂಮ್ ಕಣ್ಣಿಗೆ ಬಿದ್ದವು. ಹೆಸರು ನೋಡಿದರೆ ಇದಕ್ಕೇ ಮಾಡಿದ ಹಾಗಿದೆ. ಆದರೆ 1998ರ ಜಾವಾ 1.2ರಲ್ಲೇ ಇವನ್ನು ಬಳಸಬೇಡಿ ಅಂತ ಗುರುತು ಹಾಕಿದ್ದಾರೆ. ಜಾವಾ 20ರಲ್ಲಿ ಕರೆದರೆ ಎಕ್ಸೆಪ್ಶನ್ ಬರುವಂತೆ ಮಾಡಿದರು, ಜಾವಾ 23ರಲ್ಲಿ ತೆಗೆದೇ ಹಾಕಿದರು. ಮಿಲ್‌ನಲ್ಲಿ ಇದ್ದದ್ದು ಜಾವಾ 8. ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದೆ. ಥ್ರೆಡ್ ಲಾಕ್ ಹಿಡಿದಿರುವ ಹೊತ್ತಿಗೆ ಸಸ್ಪೆಂಡ್ ಬಿದ್ದರೆ ಅದು ಹಿಡಿದುಕೊಂಡೇ ಕಲ್ಲಾಗುತ್ತದೆ. ಮತ್ತೆ ಕಾಟಾ ಮೇಲೆ ಮಲಗಿದ ಲಾರಿಯ ಕಥೆಯೇ.

ಹೊರಗಿನವರು ಥ್ರೆಡ್ ಅನ್ನು ನಿಲ್ಲಿಸಬಾರದು. ನಿಲ್ಲು ಅಂತ ಕೇಳಿಕೊಳ್ಳಬೇಕು. ಎಲ್ಲಿ ನಿಂತರೆ ಯಾರಿಗೂ ಅಡ್ಡಿಯಿಲ್ಲ ಅನ್ನುವುದು ಆ ಥ್ರೆಡ್‌ಗೆ ಮಾತ್ರ ಗೊತ್ತು. ನನ್ನ ಪ್ರಿಂಟ್ ಥ್ರೆಡ್‌ಗೆ ಆ ಜಾಗ ಒಂದು ಚೀಟಿ ಮುಗಿದು ಇನ್ನೊಂದು ತೆಗೆಯುವ ಮುಂಚೆ.

ಇಷ್ಟರಲ್ಲಿ ಬ್ಲಾಕಿಂಗ್ ಕ್ಯೂ ಬಗ್ಗೆ ಓದಿದ್ದೆ. 2004ರ ಜಾವಾ 5ರಿಂದ ಇದೆ. ಸಾಲು ಖಾಲಿ ಇದ್ದರೆ ಅದೇ ಥ್ರೆಡ್ ಅನ್ನು ಕಾಯಿಸುತ್ತದೆ, ವೇಟ್ ನೋಟಿಫೈ ನಾವು ಬರೆಯಬೇಕಿಲ್ಲ. ತೂಕ ಓದುವ ಥ್ರೆಡ್‌ನಿಂದ ಡೇಟಾಬೇಸ್‌ವರೆಗಿನ ದಾರಿಗೆ ಅದನ್ನೇ ಹಾಕಿದೆ, ತುಂಬ ಚೆನ್ನಾಗಿ ನಡೆಯುತ್ತಿದೆ. ಹೊಸದಾಗಿ ಕಲಿಯುವವರಿಗೂ ಅಲ್ಲಿಂದಲೇ ಶುರು ಮಾಡಿ ಅಂತ ಹೇಳುತ್ತೇನೆ. ಆದರೆ ಪ್ರಿಂಟರ್‌ಗೆ ಅದು ಹೊಂದಲಿಲ್ಲ. ಥ್ರೆಡ್ ಚೀಟಿಗಾಗಿ ಕಾಯುತ್ತಾ ಕೂತಿರುವಾಗ ತಡೆ ಬಟನ್ ಒತ್ತಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಮುಂದಿನ ಚೀಟಿ ತೆಗೆದುಕೊಂಡ ಮೇಲೆ ತಡೆ ನೋಡುತ್ತದೆ. ಆಗ ಆ ಚೀಟಿ ಕೈಯಲ್ಲೇ ಉಳಿಯುತ್ತದೆ. ಪಕ್ಕದ ಪ್ರಿಂಟರ್ ಖಾಲಿ ಇದ್ದರೂ ರೈತ ಚೀಟಿಗಾಗಿ ನಿಲ್ಲಬೇಕು.

ಅದಕ್ಕೆ ಅಲ್ಲಿ ಮಾತ್ರ ವೇಟ್ ಉಳಿಸಿಕೊಂಡೆ. ಒಂದೇ ವೈಲ್, ಒಳಗೆ ಎರಡು ಷರತ್ತು. ನನಗೆ ತಡೆ ಇದ್ದರೆ, ಅಥವಾ ಸಾಲು ಖಾಲಿ ಇದ್ದರೆ, ವೇಟ್. ತಡೆ ತೆಗೆದಾಗಲೂ ಹೊಸ ಚೀಟಿ ಬಂದಾಗಲೂ ನೋಟಿಫೈಆಲ್. ಇಲ್ಲಿ ಬರೀ ನೋಟಿಫೈ ಹಾಕಿದರೆ ಅಪಾಯ. ಅದು ಒಬ್ಬರನ್ನು ಮಾತ್ರ ಎಬ್ಬಿಸುತ್ತದೆ. ಎಬ್ಬಿಸಿದ್ದು ತಡೆ ಇರುವ ಥ್ರೆಡ್ ಆದರೆ ಅದು ನೋಡಿ ಮತ್ತೆ ಮಲಗುತ್ತದೆ. ಕೆಲಸ ಮಾಡಬಲ್ಲ ಇನ್ನೊಂದಕ್ಕೆ ಸುದ್ದಿಯೇ ಹೋಗುವುದಿಲ್ಲ.

ಕಾಯುವುದಕ್ಕೆ ಗಡುವು ಬೇಕಾದ ಜಾಗವೂ ಒಂದಿದೆ. ತೂಕ ತೋರಿಸುವ ಇಂಡಿಕೇಟರ್‌ನ ಕೇಬಲ್ ಕಳಚಿಕೊಂಡರೆ ತೂಕ ಬರುವುದೇ ಇಲ್ಲ. ಕೊನೆಯಿಲ್ಲದೆ ಕಾದರೆ ಹುಡುಗನಿಗೆ ಏನಾಗಿದೆ ಅಂತ ತಿಳಿಯದು. 3 ಸೆಕೆಂಡ್ ಕಾದು ಏನೂ ಬರದಿದ್ದರೆ 'ಕಾಟಾ ಸಂಪರ್ಕ ಇಲ್ಲ' ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತೇನೆ.

ಇನ್ನು ಇಂಟರಪ್ಟ್. ರಾತ್ರಿ ಪ್ರೋಗ್ರಾಂ ಮುಚ್ಚಿದರೂ ಅದು ಹಿಂದೆ ಓಡುತ್ತಲೇ ಇರುತ್ತಿತ್ತು. ಹುಡುಗ ಬೇಸತ್ತು ಮೇನ್ ಸ್ವಿಚ್ ತೆಗೆದುಬಿಡುತ್ತಿದ್ದ. ಕಾಯುತ್ತಿರುವ ಥ್ರೆಡ್‌ಗೆ ಸಾಕು ಅಂತ ಹೇಳಲು ಇಂಟರಪ್ಟ್ ಕಳಿಸುತ್ತೇವೆ. ಆಗ ಬರುವ ಎಕ್ಸೆಪ್ಶನ್ ಅನ್ನು ನಾನು ಹಿಡಿದು ಏನೂ ಮಾಡದೆ ಬಿಟ್ಟಿದ್ದೆ. ಥ್ರೆಡ್ ಮತ್ತೆ ಸುತ್ತು ಹೊಡೆದು ಕಾಯಲು ಕೂರುತ್ತಿತ್ತು. ಈಗ ಆ ಎಕ್ಸೆಪ್ಶನ್ ಬಂದರೆ ಲೂಪ್‌ನಿಂದ ಹೊರಗೆ ಬರುತ್ತದೆ. ಡೇಟಾಬೇಸ್ ಥ್ರೆಡ್ ಮಾತ್ರ ಸಾಲಿನಲ್ಲಿ ಉಳಿದ ತೂಕವನ್ನೆಲ್ಲ ಬರೆದು ಮುಗಿಸಿ ನಿಲ್ಲುತ್ತದೆ. ಮುಖ್ಯ ಥ್ರೆಡ್ ಅದಕ್ಕೆ ಜಾಯಿನ್ ಹಾಕಿ, ಅದು ಮುಗಿಯುವವರೆಗೆ ಕಾಯುತ್ತದೆ.

ಮುಂದಿನ ಸುಗ್ಗಿಯಲ್ಲಿ ಮೂರು ರಾತ್ರಿ ನಾನು ಕಾಟಾ ರೂಮಿನಲ್ಲೇ ಕೂತು ನೋಡಿದೆ. ಪೇಪರ್ ಮುಗಿಯಿತು, ಹುಡುಗ ತಡೆ ಒತ್ತಿದ, ಹೊಸ ಪೇಪರ್ ಹಾಕಿದ. ಅಷ್ಟರಲ್ಲಿ ಪಕ್ಕದ ಪ್ರಿಂಟರ್ ನಾಲ್ಕು ಚೀಟಿ ತೆಗೆದಿತ್ತು. ಹೊರಗೆ ಗಾಡಿ ನಿಲ್ಲಲಿಲ್ಲ. ಕೋಡ್‌ನಲ್ಲಿ ಸ್ಲೀಪ್ ಈಗ ಒಂದೇ ಕಡೆ ಉಳಿದಿದೆ. ಪ್ರಿಂಟರ್ ಆಫ್ ಆಗಿದ್ದರೆ 5 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನ ಮಾಡುವ ಜಾಗದಲ್ಲಿ. ಆ ಹೊತ್ತಿಗೆ ಅದರ ಕೈಯಲ್ಲಿ ಯಾವ ಲಾಕೂ ಇರುವುದಿಲ್ಲ, ಚೀಟಿಯೂ ಸಾಲಿಗೆ ವಾಪಸ್ ಹೋಗಿರುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ.